ಎರಡು ಕಣ್ಣಿಗೂ ಒಂದೇ ಹಸಿರು

ಕನ್ನಡಕದ ಮಸೂರಗಳಿಗೆ ಕೋಟಿಂಗ್ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಉಸಿರಕ್ಕ ಎನ್ನುತ್ತಿದ್ದರು. ತೊಳೆದು ಬಂದ ಪ್ರತಿ ಟ್ರೇಯಿಂದ ಒಂದು ಮಸೂರ ಎತ್ತಿ, ಮಾಸ್ಕ್ ಕೆಳಗೆಳೆದು, ಅದರ ಮೇಲೆ ಹಾ ಎಂದು ಉಸಿರು ಬಿಡುವುದು ಆಕೆಯ ಪದ್ಧತಿ. ಮಂಜು ಸಮನಾಗಿ ಆರಿದರೆ ಗಾಜು ಶುದ್ಧ. ಎಲ್ಲಾದರೂ ಒಂದು ಚುಕ್ಕೆ ತಡವಾಗಿ ಆರಿತೋ, ಜಿಡ್ಡು ಉಳಿದಿದೆ ಎಂದರ್ಥ. ಇಡೀ ಟ್ರೇ ವಾಪಸ್. ಮನೆಯಲ್ಲೂ ಈ ಚಟ ಬಿಟ್ಟಿರಲಿಲ್ಲ. ಗಂಡ ತೊಳೆದಿಟ್ಟ ಸ್ಟೀಲ್ ಲೋಟಕ್ಕೂ ಹಾ ಎನ್ನುತ್ತಿದ್ದಳು.

"ಅದಕ್ಕೂ ಕೋಟಿಂಗ್ ಹಾಕ್ತೀಯೇನೆ?" ಎಂದು ಅವನು ರೇಗಿಸುತ್ತಿದ್ದ. ಅವನು ಅದೇ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಕೆಲಸದವನು.

ಹತ್ತೊಂಬತ್ತು ವರ್ಷದಿಂದ ಮೂರನೇ ನಂಬರ್ ಮಷೀನ್ ಆಕೆಯದು. ಮಷೀನ್ ಅಂದರೆ ಆಳೆತ್ತರದ ಉಕ್ಕಿನ ಬೀರು. ಒಳಗೆ ಬಿಚ್ಚಿದ ಕೊಡೆಯಂಥ ತಟ್ಟೆ, ಅದರ ತುಂಬ ತೂತು, ತೂತಿಗೊಂದು ಮಸೂರ. ಬಾಗಿಲು ಹಾಕಿ, ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ತಳದಲ್ಲಿಟ್ಟ ಪುಡಿಯನ್ನು ಕಾಯಿಸಿದರೆ ಅದು ಆವಿಯಾಗಿ ಮೇಲೇರಿ ಮಸೂರಕ್ಕೆ ಪದರ ಪದರವಾಗಿ ಅಂಟುತ್ತದೆ. ಆಮೇಲೆ ದೀಪ ಎದುರಿದ್ದರೂ ಗಾಜು ಹೊಳೆಯುವುದಿಲ್ಲ, ಓರೆ ಹಿಡಿದರೆ ತೆಳ್ಳನೆಯ ಹಸಿರು ಕಾಣುತ್ತದೆ ಅಷ್ಟೆ. ಆದರೆ ಆ ಹಸಿರು ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರುವುದಿಲ್ಲ. ಬೆಳಗಿನದು ಹಳದಿಗೆ ವಾಲಿದರೆ ಮಧ್ಯಾಹ್ನದ್ದು ನೀಲಿಗೆ. ಅದಕ್ಕೇ ಒಬ್ಬರ ಎಡ, ಬಲ ಎರಡನ್ನೂ ಒಂದೇ ಸಲಕ್ಕೆ ಕೂರಿಸಬೇಕು. ಜೋಡಿ ಒಡೆಯಬಾರದು. ಮೂರನೇ ಮಷೀನಿನ ಮುಂದೆ ಅದು ಉಸಿರಕ್ಕನ ಕಟ್ಟಪ್ಪಣೆ.

ತಟ್ಟೆಯಲ್ಲಿ ಅರ್ಧ ದೊಡ್ಡ ತೂತು, ಅರ್ಧ ಚಿಕ್ಕದು. ಚಿಕ್ಕ ಮಸೂರ ಹೆಚ್ಚು ಬಂದ ದಿನ ದೊಡ್ಡ ತೂತುಗಳು ಸುಮ್ಮನೆ ಬಾಯಿ ತೆರೆದುಕೊಂಡಿರುತ್ತಿದ್ದವು. ದೊಡ್ಡ ತೂತಿಗೆ ಒಂದು ರಿಂಗ್ ಕೂರಿಸಿ ಅದರಲ್ಲಿ ಚಿಕ್ಕ ಮಸೂರ ಇಡಬಹುದು ಎಂದು ಆಕೆ ಚೀಟಿ ಬರೆದು ಸಲಹಾ ಪೆಟ್ಟಿಗೆಗೆ ಹಾಕಿದ್ದಳು. ಒಂದಲ್ಲ, ನಾಲ್ಕು ಚೀಟಿ. ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ಪೆಟ್ಟಿಗೆಯ ಕೀಲಿ ಕಳೆದುಹೋಗಿ ಮೂರು ವರ್ಷವಾಗಿತ್ತು, ಹಾಗೆಂದು ಯಾರೂ ಆಕೆಗೆ ಹೇಳಿರಲಿಲ್ಲ.

ಆಮೇಲೆ ಬಂದವನು ಸ್ಟಾಪ್‌ವಾಚ್. ಕೆಲಸ ಚುರುಕು ಮಾಡಿಸಲೆಂದು ಆಡಳಿತ ಹೊರಗಿನಿಂದ ಕರೆಸಿದ ಈ ತಜ್ಞನ ಕೊರಳಲ್ಲಿ ಸದಾ ಅದು ನೇತಾಡುತ್ತಿತ್ತು. ಮೂರು ದಿನ ಖಾಲಿ ತೂತು ಎಣಿಸಿದ. ನಾಲ್ಕನೇ ದಿನ ಮೂರನೇ ಮಷೀನಿಗೆ, ಬರೀ ದೊಡ್ಡ ತೂತಿನ ತಟ್ಟೆ ಒಂದು, ಬರೀ ಚಿಕ್ಕ ತೂತಿನದು ಇನ್ನೊಂದು ಮಾಡಿಸಿದ. ಬೆಳಿಗ್ಗೆ ದೊಡ್ಡವು, ಮಧ್ಯಾಹ್ನ ಚಿಕ್ಕವು. ಒಂದು ತೂತೂ ಖಾಲಿ ಇಲ್ಲ.

"ಸರ್, ಎಷ್ಟೋ ಜನರಿಗೆ ಪವರ್ ಬೇರೆ ಬೇರೆ ಇರೋದ್ರಿಂದ, ಫ್ರೇಮಿಗೆ ಕತ್ತರಿಸೋ ಮುಂಚೆ ಎಡಗಣ್ಣಿಂದು ದೊಡ್ಡದಿರುತ್ತೆ, ಬಲಗಣ್ಣಿಂದು ಚಿಕ್ಕದಿರುತ್ತೆ. ಹೀಗೆ ಮಾಡಿದ್ರೆ ಜೋಡಿ ಒಡೆಯುತ್ತೆ, ಬಣ್ಣ ಹೊಂದಲ್ಲ," ಎಂದಳು ಉಸಿರಕ್ಕ.

"ಎರಡರ ಬಣ್ಣಾನೂ ಮಿತಿಯೊಳಗೇ ಇದೆಯಮ್ಮ. ನಾನು ಅಳತೆ ಮಾಡಿ ನೋಡಿದೀನಿ."

"ಬೇರೆ ಬೇರೆ ಇಟ್ರೆ ಮಿತಿಯೊಳಗೇ ಇರುತ್ತೆ. ಮೂಗಿನ ಆಚೆಗೊಂದು ಈಚೆಗೊಂದು ಕೂತಾಗ ನೋಡಿ ಸರ್!"

ಅವನು ನೋಡಲಿಲ್ಲ. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು.

ಎರಡನೇ ವಾರಕ್ಕೆ ಅಂಗಡಿಗಳಿಂದ ಕನ್ನಡಕಗಳು ವಾಪಸ್ ಬರತೊಡಗಿದವು. ಎಡಕ್ಕೊಂದು ಬಣ್ಣ, ಬಲಕ್ಕೊಂದು ಬಣ್ಣ. ಮ್ಯಾನೇಜರ್ ಕರೆದದ್ದು ಸ್ಟಾಪ್‌ವಾಚನ್ನಲ್ಲ, ಉಸಿರಕ್ಕನನ್ನು.

"ಎಲ್ಲಾ ನಿಮ್ಮ ಮಷೀನಿಂದಾನೇ ಬರ್ತಿದೆ. ಈ ತಿಂಗಳೊಳಗೆ ಸರಿಹೋಗದಿದ್ರೆ ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ಬೇಕಾಗುತ್ತೆ."

ಆಕೆಗೆ ಮೈಯೆಲ್ಲ ಉರಿದುಹೋಯಿತು. ಪ್ಯಾಕಿಂಗ್ ಕೀಳು ಕೆಲಸವೆಂದಲ್ಲ. ಆದರೆ ಪಂಪಿನ ಸದ್ದು ಕೇಳಿಯೇ ಒಳಗೆ ಗಾಳಿ ಎಷ್ಟು ಉಳಿದಿದೆ ಎನ್ನಬಲ್ಲವಳು ರಟ್ಟಿನ ಡಬ್ಬಕ್ಕೆ ಟೇಪ್ ಅಂಟಿಸಿಕೊಂಡು ಕೂರಬೇಕೇ? ಆ ಸಂಜೆ ಗಂಡನ ಮುಂದೆ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನು ಪೂರ್ತಿ ಕೇಳಿಸಿಕೊಂಡು, "ರಿಂಗಿನ ಅಳತೆ ಹೇಳು," ಎಂದ.

ಊಟದ ಬಿಡುವಿನಲ್ಲಿ, ಕತ್ತರಿಸಿ ಎಸೆದ ಉಕ್ಕಿನ ತುಂಡುಗಳಿಂದ ಅವನು ನಲವತ್ತು ರಿಂಗ್ ಮಾಡಿಕೊಟ್ಟ. ಗುರುವಾರ ಯಾರನ್ನೂ ಕೇಳದೆ ಉಸಿರಕ್ಕ ದೊಡ್ಡ ತೂತಿನ ತಟ್ಟೆ ತೆಗೆದುಕೊಂಡು, ಬೇಕಾದಲ್ಲಿ ರಿಂಗ್ ಕೂರಿಸಿ, ದೊಡ್ಡದು ಚಿಕ್ಕದು ಎನ್ನದೆ ಜೋಡಿ ಜೋಡಿಯಾಗಿ ತುಂಬಿದಳು. ಒಂದು ತೂತೂ ಖಾಲಿ ಉಳಿಯಲಿಲ್ಲ, ಒಂದು ಜೋಡಿಯೂ ಒಡೆಯಲಿಲ್ಲ. ಹೊರಬಂದ ಟ್ರೇ ಹಿಡಿದು ನೇರ ಮ್ಯಾನೇಜರ್ ಕೋಣೆಗೆ ಹೋದಳು.

"ಸರ್, ನಿಮ್ಮ ಕನ್ನಡಕ ಒಂದ್ಸಲ ಕೊಡಿ."

ಅದು ಹೋದ ವಾರವಷ್ಟೇ ಅವರು ಇಲ್ಲೇ ಮಾಡಿಸಿಕೊಂಡಿದ್ದ ಹೊಸ ಕನ್ನಡಕ. ಅದನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದಳು. ಎಡಗಡೆ ಎಳೆ ಎಲೆಯ ಹಸಿರು, ಬಲಗಡೆ ನೀಲಿ. ಕನ್ನಡಕವಿಲ್ಲದ ಮ್ಯಾನೇಜರಿಗೆ ಏನೂ ಕಾಣಲಿಲ್ಲ. ಗುಮಾಸ್ತೆಯ ಕನ್ನಡಕ ಎರವಲು ಪಡೆದು ಅದನ್ನೂ ಟ್ರೇಯಲ್ಲಿದ್ದ ಜೋಡಿಗಳನ್ನೂ ನೋಡಿದರು, ಕಿವಿ ಕೆಂಪಾಯಿತು.

ಮೂರನೇ ಮಷೀನಿಗೆ ರಿಂಗೇ ಖಾಯಂ ಆಯಿತು, ಮೂರು ವಾರದಲ್ಲಿ ಕನ್ನಡಕಗಳು ವಾಪಸ್ ಬರುವುದು ನಿಂತೇಹೋಯಿತು. ನೋಟಿಸ್ ಬೋರ್ಡಿನಲ್ಲಿ 'ತಂಡದ ಸಾಧನೆ' ಎಂಬ ತಲೆಬರಹದ ಕೆಳಗೆ, ರಿಂಗ್ ಹಿಡಿದು ನಗುತ್ತಿರುವ ಸ್ಟಾಪ್‌ವಾಚ್‌ನ ಫೋಟೋ ಬಂತು. ಮಷೀನ್ ಉಳಿಯಿತಲ್ಲ, ಫೋಟೋ ಯಾರದಾದರೇನು ಎಂದುಕೊಂಡಳು ಉಸಿರಕ್ಕ.

ಶನಿವಾರ ಮ್ಯಾನೇಜರ್ ಕರೆದರು. ಕುರ್ಚಿ ತೋರಿಸಿದರು, ನೀರು ಕೊಟ್ಟರು.

"ನಿಮ್ಮ ರಿಂಗಿಂದ ಕೆಲಸ ಎಷ್ಟು ಸುಲಭ ಆಗಿದೆ ನೋಡಿ. ಈಗ ಆ ಮಷೀನನ್ನ ಯಾರು ಬೇಕಾದ್ರೂ ನಡೆಸಬಹುದು. ಎರಡನೇ ಮಷೀನ್ ನೋಡ್ಕೊಳ್ಳೋರೇ ಮೂರನೇದನ್ನೂ ನೋಡ್ಕೋತಾರೆ. ಪ್ಯಾಕಿಂಗಲ್ಲಿ ಜನ ಕಮ್ಮಿ ಇದಾರೆ. ಸೋಮವಾರದಿಂದ ನೀವು ಅಲ್ಲಿ."

"ವಾಪಸ್ ಬಂದ್ರೂ ಪ್ಯಾಕಿಂಗು, ಬರದಿದ್ರೂ ಪ್ಯಾಕಿಂಗಾ ಸರ್?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು. ಅದರ ಮಸೂರ ಬದಲಾಯಿಸಿಕೊಂಡಿದ್ದರು. ಎರಡೂ ಒಂದೇ ಹಸಿರು.

ಸೋಮವಾರ ಪ್ಯಾಕಿಂಗ್ ಮೇಜಿಗೆ ಮೂರನೇ ಮಷೀನಿನ ಮೊದಲ ಟ್ರೇ ಬಂತು. ಬೇರೆ ಯಾರೋ ತುಂಬಿದ್ದು, ಬೇರೆ ಯಾರೋ ನಡೆಸಿದ್ದು. ಆಕೆ ಒಂದು ಜೋಡಿ ಎತ್ತಿ ಟ್ಯೂಬ್‌ಲೈಟಿಗೆ ಓರೆ ಹಿಡಿದಳು. ಒಂದು ಕೂದಲೆಳೆಯಷ್ಟಾದರೂ ಹೆಚ್ಚುಕಮ್ಮಿ ಇರಲಪ್ಪಾ ಎಂದು ಬೇಡಿಕೊಂಡಳು. ಜೀವಮಾನದಲ್ಲೇ ಹಾಗೆ ಬೇಡಿಕೊಂಡದ್ದು ಅದೇ ಮೊದಲು. ಇನ್ನೊಂದು ಜೋಡಿ ನೋಡಿದಳು. ಮತ್ತೊಂದು. ಟ್ರೇ ಮುಗಿಯಿತು.

"ಹಾಳಾದ್ದು," ಎಂದಳು, "ಎಲ್ಲಾ ಸರಿಯಾಗೇ ಇದೆ." ಡಬ್ಬ ಮುಚ್ಚಿ ಟೇಪ್ ಅಂಟಿಸಿದಳು.