ಕೋಡಿಯ ಮೇಲಿನ ಹೆಜ್ಜೆ

ಹೈದರಾಬಾದಿನ ಉಪ್ಪಲ್‌ನ ನಮ್ಮ ಕಾಲನಿ ಒಂದು ಕಾಲಕ್ಕೆ ಕೆರೆಯ ಅಂಗಳವಾಗಿತ್ತಂತೆ. ಮನೆ ಕಟ್ಟಿಕೊಂಡ ನಮಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ಗುಣವತಿಯವರ ಮನೆ ನಮ್ಮ ಸಾಲಿನ ಕೊನೆಯದು, ಮಳೆನೀರಿನ ನಾಲೆಗೆ ಹತ್ತಿರದ್ದು. ಮುದ್ದೇಬಿಹಾಳ ಕಡೆಯವರು. ಆಕೆ ನಾಚಾರಂನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಿದ್ದರು. ಗಂಡ ಕಲ್ಯಾಣಪ್ಪ ಕೇಂದ್ರ ಸರ್ಕಾರದ ಘಟಕದಲ್ಲಿ ಎಲೆಕ್ಟ್ರಿಷಿಯನ್. ಒಬ್ಬಳೇ ಮಗಳು ಹರ್ಷಿತಾ, ಮಿಯಾಪುರದಲ್ಲಿದ್ದು ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದಳು.

ಎರಡು ಸಾವಿರದ ಇಪ್ಪತ್ತರ ಅಕ್ಟೋಬರಿನಲ್ಲಿ ಹೈದರಾಬಾದಿನ ಮೇಲೆ ಬಿದ್ದ ಮಳೆಯನ್ನು ನಾವ್ಯಾರೂ ಮರೆತಿಲ್ಲ. ಸಂಜೆ ಹೊತ್ತಿಗೆ ರಸ್ತೆ ತುಂಬಿ ನೀರು ಮೆಟ್ಟಿಲು ಹತ್ತಿತು. ನಾಲೆಯ ಬಾಯಿಗೆ ಹಾಕಿದ್ದ ಕಬ್ಬಿಣದ ಜಾಲರಿಗೆ ಕಸ ಸಿಕ್ಕಿಕೊಂಡಿದೆ, ತೆಗೆದರೆ ನೀರು ಇಳಿಯುತ್ತದೆ ಎಂದು ಕಲ್ಯಾಣಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ, ಒಂದು ಗಳ ಹಿಡಿದು ಹೋದರು. ಕಸ ತೆಗೆದರು. ನೀರು ಇಳಿಯಿತು ಕೂಡ. ಆದರೆ ಅವರು ಹಿಂತಿರುಗಲಿಲ್ಲ. ಒಂದು ರಬ್ಬರ್ ಚಪ್ಪಲಿ ಜಾಲರಿಯ ಹತ್ತಿರ ಸಿಕ್ಕಿತು. ದೇಹವನ್ನು ಮೂಸಿ ನದಿಯವರೆಗೂ ಹುಡುಕಿದರು. ಸಿಗಲಿಲ್ಲ.

ಅವರದು ಮಣ್ಣು ಮಾಡುವ ಮನೆತನ. ಮಣ್ಣು ಕೊಡಲು ಏನೂ ಇರಲಿಲ್ಲ. ಊರಿನಿಂದ ಬಂದ ಹಿರಿಯರು ಫೋಟೋ ಇಟ್ಟು ಪೂಜೆ ಮುಗಿಸಿದರು. ಗುಣವತಿ ಎದ್ದು ಒಳಗೆ ಹೋದರು, ಮುಗಿಯಿತೆಂದು ಒಪ್ಪಿಕೊಳ್ಳಲಿಲ್ಲ.

ನಗರದ ಹೊರಗೆ, ಘಟಕೇಸರದ ಆಚೆ, ಕಲ್ಯಾಣಪ್ಪ ಹಿಂದೆ ಯಾವಾಗಲೋ ಕೊಂಡಿದ್ದ ಇಳಿಜಾರು ಜಮೀನೊಂದಿತ್ತು. ತಗ್ಗಿನ ಕೊನೆಯಲ್ಲಿ ನೀರು ನಿಲ್ಲುತ್ತಿದ್ದ ಕಾರಣ ಯಾರಿಗೂ ಬೇಡವಾದದ್ದು. ಅದರ ಕೆಳಗೆ ಇಟ್ಟಿಗೆ ಭಟ್ಟಿಯ ಕೂಲಿಗಳ ಗುಡಿಸಲುಗಳು. ಮರುವರ್ಷ ಗುಣವತಿ ಕೆಲಸ ಬಿಟ್ಟು ಅಲ್ಲಿ ಎರಡು ಕೋಣೆಯ ಮನೆ ಹಾಕಿಸಿಕೊಂಡರು. ಹುಚ್ಚು ಎಂದು ನಾವೆಲ್ಲ ಹೇಳಿದೆವು. ನೀರಿಗೆ ಗಂಡನನ್ನು ಕಳೆದುಕೊಂಡವಳು ನೀರು ನಿಲ್ಲುವ ಜಾಗಕ್ಕೇ ಹೋಗುವುದೇ ಎಂದು ಕೇಳಿದ್ದಕ್ಕೆ ಆಕೆ ಹೇಳಿದ್ದು ಇಷ್ಟೇ: "ನಿಲ್ಲಾಕ ಜಾಗಾ ಕೊಡಲಿಲ್ರಿ ನಾವು. ಅದಕ್ಕ ಅದು ಮನ್ಯಾಗ ಬಂತು."

ಮೊದಲ ಮಳೆಗಾಲ ಪೂರ್ತಿ ಆಕೆ ಏನನ್ನೂ ನೆಡಲಿಲ್ಲ. ಕೊಡೆ ಹಿಡಿದು ನೀರಿನ ಹಿಂದೆ ಹಿಂದೆ ನಡೆದರು. ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಮಣ್ಣು ಕಿತ್ತುಕೊಂಡು ಹೋಗುತ್ತದೆ ಎಂದು ನೋಡಿ ಕಡ್ಡಿ ನೆಟ್ಟರು. ಆಮೇಲೆ ಗೌಂಡಿಗಳು ಬಳಸುವ ನೀರು ತುಂಬಿದ ಪೈಪಿನಿಂದ ಮಟ್ಟ ಹಿಡಿದು, ಇಳಿಜಾರಿಗೆ ಅಡ್ಡಲಾಗಿ ಕಂದಕ ತೋಡಿಸಿದರು. ಕಂದಕದ ದಡಕ್ಕೆ ನುಗ್ಗೆ, ಸೀತಾಫಲ, ಲಾವಂಚ. ಕಂದಕ ತುಂಬಿದ ನೀರು ಒಂದು ಹೂಳಿನ ಗುಂಡಿಗೆ, ಅಲ್ಲಿಂದ ಜೊಂಡು ಬೆಳೆದ ಸಣ್ಣ ಹೊಂಡಕ್ಕೆ, ಅಲ್ಲಿಂದ ತಿಳಿಯಾಗಿ ದೊಡ್ಡ ಹೊಂಡಕ್ಕೆ. ದೊಡ್ಡ ಹೊಂಡದ ಒಡ್ಡಿನ ಮೇಲೆ ಬಾಳೆ. ಹೆಚ್ಚಾದ ನೀರು ಹೊರಹೋಗಲು ಕಲ್ಲು ಹಾಸಿದ ಕೋಡಿ.

ಆ ಹೊಂಡದಲ್ಲಿ ಮೀನು ಸಾಕಿಸಿದವನು ಪಕ್ಕದ ಊರಿನ ನರ್ಸಿಮ್ಲು. ಮೀನು ಹಿಡಿಯುವುದೇ ಅವನ ಮನೆತನದ ಕೆಲಸ. ರೋಹು, ಕಾಟ್ಲಾ ಮರಿಗಳನ್ನು ತಂದು ಬಿಟ್ಟ, ಬೆಳೆದಾಗ ಅವನೇ ಹಿಡಿದು ಮಾರುತ್ತಿದ್ದ. ಮೀನು ಮುಟ್ಟದ ಗುಣವತಿ ದಿನಾ ಬೆಳಿಗ್ಗೆ ತೌಡು ಹಾಕುವುದನ್ನು ರೂಢಿಸಿಕೊಂಡರು. ಹೊಂಡದ ತಳದ ಗೊಬ್ಬರ ನೀರು ತರಕಾರಿ ಮಡಿಗಳಿಗೆ ಹೋಗುತ್ತಿತ್ತು. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಹಾಕಲೇಬೇಕೆಂದು ನರ್ಸಿಮ್ಲು ಹೇಳಿದಾಗ ಮಾತ್ರ ಆಕೆ ದಿನ ತಳ್ಳುತ್ತ ಬಂದರು. ಕೊನೆಗೆ ಹಾಕಿಸಿದರು.

ಹೆಜ್ಜೆಗಳು ಕಾಣಿಸಿದ್ದು ಆಮೇಲೆ.

ಜೋರು ಮಳೆ ಬಂದು ಹೋದ ಬೆಳಿಗ್ಗೆ ಒಡ್ಡಿನ ಹಸಿಮಣ್ಣಿನ ಮೇಲೆ ಯಾರೋ ನಡೆದ ಗುರುತು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಮನೆ ಕಡೆಯಿಂದ ಬಂದದ್ದಲ್ಲ, ಬೇಲಿ ಕಡೆಯಿಂದಲೂ ಅಲ್ಲ. ನೀರಿನಂಚಿನಿಂದ ಶುರುವಾಗಿ ಕೋಡಿಯವರೆಗೆ ಹೋಗಿ ಅಲ್ಲೇ ನಿಂತಿದ್ದವು. ಜಾಲರಿಗೆ ಸಿಕ್ಕಿದ್ದ ಎಲೆ, ಕಡ್ಡಿ, ಪ್ಲಾಸ್ಟಿಕ್ಕನ್ನು ಯಾರೋ ತೆಗೆದು ಪಕ್ಕಕ್ಕೆ ಗುಡ್ಡೆ ಹಾಕಿದ್ದರು. ನರ್ಸಿಮ್ಲುವನ್ನು ಕೇಳಿದರೆ, "ನೇನು ಕಾದಮ್ಮಾ," ನಾನಲ್ಲ ಎಂದ. ಹೆಜ್ಜೆಗಳನ್ನು ನೋಡಿದ ಮೇಲೆ ಮಳೆ ಬಂದ ಮರುದಿನ ಅವನು ಮಧ್ಯಾಹ್ನದವರೆಗೆ ಹೊಂಡದ ಕಡೆ ಬರುತ್ತಿರಲಿಲ್ಲ.

ಗುಣವತಿ ಮೊದಲು ಹೆದರಿದರು. ಬಾಗಿಲಿಗೆ ಅಗಳಿ ಹಾಕಿ ಕೂತರು. ನಂತರದ ಮಳೆಗೆ ಕಿಟಕಿಯಿಂದ ನೋಡಿದರು, ಏನೂ ಕಾಣಲಿಲ್ಲ, ಬೆಳಿಗ್ಗೆ ಹೆಜ್ಜೆಗಳಿದ್ದವು. ಮುಂದಿನ ವರ್ಷ ಒಡ್ಡಿನ ಮೇಲೆ ಒಂದು ಚೊಂಬು ಚಹಾ, ಒಣಗಿದ ಟವೆಲ್ಲು ಇಟ್ಟು ಬರತೊಡಗಿದರು. ಯಾರೂ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಹೋಗಿದ್ದಾಗ ಹೊಂಡದ ಕಡೆ ಮುಖ ಮಾಡಿ, ಯಾರೊಂದಿಗೋ ಸಂಸಾರದ ಮಾತಾಡುವ ದನಿಯಲ್ಲಿ, ಮಗಳ ಕೆಲಸದ ಸುದ್ದಿ ಹೇಳುತ್ತಿದ್ದರು. ನನ್ನನ್ನು ನೋಡಿ ನಿಲ್ಲಿಸಿದರು.

ಹರ್ಷಿತಾ ಅಲ್ಲಿಗೆ ಬರುತ್ತಿದ್ದದ್ದೇ ಕಡಿಮೆ. ಬಂದರೂ ಹೊಂಡಕ್ಕೆ ಬೆನ್ನು ಮಾಡಿ ಕೂರುತ್ತಿದ್ದಳು. ಹೆಜ್ಜೆಯ ಮಾತು ಬಂದರೆ ಕೂಲಿಗಳಲ್ಲಿ ಯಾರೋ ಮೀನು ಕದಿಯಲು ಬರುತ್ತಿದ್ದಾರೆ ಎನ್ನುತ್ತಿದ್ದಳು. ಅವ್ವನಿಗೆ ಡಾಕ್ಟರನ್ನು ತೋರಿಸಬೇಕೆಂದು ನನಗೆ ಫೋನು ಮಾಡಿ ಹೇಳಿದ್ದೂ ಉಂಟು.

ಎರಡು ವರ್ಷದ ಹಿಂದೆ ಸೆಪ್ಟೆಂಬರಿನಲ್ಲಿ ಅವಳು ಶನಿವಾರ ಬಂದವಳು ಮಳೆಗೆ ಸಿಕ್ಕಿಹಾಕಿಕೊಂಡಳು. ರಸ್ತೆ ಮುಚ್ಚಿತ್ತು. ಗುಣವತಿಗೆ ಜ್ವರ, ಭಾನುವಾರ ಮಧ್ಯಾಹ್ನ ಗುಳಿಗೆ ನುಂಗಿ ಮಲಗಿದ್ದರು. ಹರ್ಷಿತಾ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು. ಆಗ ಹೊರಗಿನಿಂದ ಯಾರೋ ಕರೆದರು.

"ಹರ್ಷೀ, ಕೋಡಿ ನೋಡವಾ."

ಹಾಗೆ ಕರೆಯುತ್ತಿದ್ದದ್ದು ಒಬ್ಬರೇ. ಒಲೆ ಆರಿಸುವುದನ್ನೂ ಮರೆತು ಅವಳು ಹೊರಗೆ ಓಡಿದಳು. ನೀರು ಒಡ್ಡಿನ ತುದಿಗೆ ಬಂದಿತ್ತು. ಎತ್ತರದ ಕಡೆ ಹೊಸದಾಗಿ ಎದ್ದಿದ್ದ ಲೇಔಟಿನಿಂದ ಕೊಚ್ಚಿ ಬಂದ ಒಂದು ಪ್ಲಾಸ್ಟಿಕ್ ಹಾಳೆ ಜಾಲರಿಯನ್ನು ಪೂರ್ತಿ ಮುಚ್ಚಿತ್ತು. ಕೋಡಿಯ ಆಚೆ ದಡದಲ್ಲಿ, ಮಳೆಯ ತೆರೆಯ ಹಿಂದೆ, ಪ್ಯಾಂಟು ಮೊಣಕಾಲಿಗೆ ಮಡಚಿದ ಒಬ್ಬ ಮನುಷ್ಯ ಬೆನ್ನು ತಿರುಗಿಸಿ ನಿಂತಿದ್ದ. ಒಡ್ಡು ಒಡೆದರೆ ನೀರೆಲ್ಲ ಗುಡಿಸಲುಗಳ ಮೇಲೆ. ಅಪ್ಪ ಹೋಗಿ ನಾಲ್ಕು ವರ್ಷವಾಗುತ್ತ ಬಂದಿದ್ದರೂ ತುಂಬಿದ ಬಕೆಟ್ಟನ್ನು ಕಂಡರೂ ಮುಖ ತಿರುಗಿಸುತ್ತಿದ್ದ ಹುಡುಗಿ, ಬಾಳೆಗಿಡ ಹಿಡಿದುಕೊಂಡು ತೊಡೆಮಟ್ಟದ ನೀರಿಗೆ ಇಳಿದಳು. ಹಾಳೆ ಬರಲಿಲ್ಲ. ಜಾಲರಿಯನ್ನೇ ಚೌಕಟ್ಟಿನ ಸಮೇತ ಅಲ್ಲಾಡಿಸಿ ಕಿತ್ತಳು. ನೀರು ಧುಮ್ಮಿಕ್ಕಿತು, ಅದರ ಜೊತೆ ಮೀನುಗಳು ಅವಳ ಕಾಲಿಗೆ ಬಡಿಯುತ್ತ ಹೋದವು. ತಲೆಯೆತ್ತಿ ನೋಡಿದಾಗ ಆಚೆ ದಡದಲ್ಲಿ ಯಾರೂ ಇರಲಿಲ್ಲ.

ಗುಣವತಿ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದರು. ಹರ್ಷಿತಾ ನಡುಗುತ್ತ ಬಂದು, "ಅವ್ವಾ, ಅಪ್ಪ ಕರದ," ಎಂದಳು.

ತಾಯಿ ಮಗಳ ತಲೆ ಒರೆಸಿದರು. ಬೇರೆ ಬಟ್ಟೆ ಕೊಟ್ಟರು. ಸೀದುಹೋದ ಗಂಜಿ ಚೆಲ್ಲಿದರು. ಎಲ್ಲ ಮುಗಿದ ಮೇಲೆ ಕೇಳಿದರು, "ಧ್ವನಿ ಅವರದ ಇತ್ತೇನು?"

"ಹೂಂ. ಅಪ್ಪಂದ."

"ನನ್ನ ಒಂದ್ ಸಲಾನೂ ಕರೀಲಿಲ್ಲ ನೋಡು," ಎಂದರು ಗುಣವತಿ. "ನಾ ಚಹಾ ಇಟ್ಕೊಂಡ್ ಕೂಡ್ತಿದ್ದೆ."

ಅಂದು ಮಗಳು ಅಳಲಿಲ್ಲ, ತಾಯಿ ಅತ್ತರು. ಮಳೆ ಇಳಿದ ಮೇಲೆ ಕೂಲಿಗಳು ಬಂದು, ತಮ್ಮ ಅಂಗಳದಲ್ಲೆಲ್ಲ ಮೀನು ಎಂದು ಹೇಳಿ ಹೋದರು. ಗುಡಿಸಲು ಒಂದೂ ಬಿದ್ದಿರಲಿಲ್ಲ.

ಒಡ್ಡಿನ ಮೇಲೆ ಹೆಜ್ಜೆಗಳಿದ್ದವು. ಗುಣವತಿ ಆ ಹೆಜ್ಜೆಯ ಮಣ್ಣನ್ನು ಕರಣೆಯಿಂದ ಎಬ್ಬಿಸಿ ಬುಟ್ಟಿಯಲ್ಲಿ ತುಂಬಿದರು. ದೇಹವಿಲ್ಲದೆ ಸಮಾಧಿಯ ಗದ್ದುಗೆ ಮಾಡುವ ಪದ್ಧತಿ ಇಲ್ಲವೆಂದು, ಪೂಜೆಗೆ ಬರುವ ಊರಿನ ಅಯ್ಯನವರು ಫೋನಿನಲ್ಲಿ ಹೇಳಿದರಂತೆ. ಆಕೆ ವಾದ ಮಾಡಲಿಲ್ಲ. ಜಮೀನಿನ ಎತ್ತರದ ತುದಿಯಲ್ಲಿ, ಯಾವ ಮಳೆಗೂ ನೀರು ಮುಟ್ಟದ ಜಾಗದಲ್ಲಿ ಗುಣಿ ತೋಡಿಸಿ, ಆ ಮಣ್ಣನ್ನಿಟ್ಟು, ವಿಭೂತಿ, ಬಿಲ್ವಪತ್ರಿ ಹಾಕಿ ಮುಚ್ಚಿದರು. ನಾನೂ ನರ್ಸಿಮ್ಲುವೂ ಒಂದೊಂದು ಹಿಡಿ ಮಣ್ಣು ಕೊಟ್ಟೆವು. ಹರ್ಷಿತಾ ಕಣ್ಣು ಮುಚ್ಚದೆ ನಿಂತಿದ್ದಳು.

ಮುಂದಿನ ಮಳೆಗೆ ಒಡ್ಡು ನುಣ್ಣಗಿತ್ತು, ಒಂದು ಹೆಜ್ಜೆಯೂ ಇಲ್ಲ. ಅದರ ಮುಂದಿನದಕ್ಕೂ. ಆಕೆಗೆ ನೆಮ್ಮದಿಯಾಗುತ್ತದೆಂದು ನಾವು ಅಂದುಕೊಂಡಿದ್ದೆವು. ಆಕೆ ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಅವರನ್ನು ಹಾಗೆ ಕಳಿಸಬಾರದಿತ್ತೇನೋ ಎಂದು ನನ್ನನ್ನು ಒಮ್ಮೆ ಕೇಳಿದರು.

ಹರ್ಷಿತಾ ಈಗ ಪ್ರತಿ ಶನಿವಾರ ಬರುತ್ತಾಳೆ. ಕೋಡಿಯನ್ನು ಅಗಲ ಮಾಡಿಸಿ, ನೆಟ್ಟಗೆ ನಿಂತ ಜಾಲರಿಯ ಬದಲು ಓರೆಯಾಗಿ ಮಲಗಿಸಿದ ಜಾಲರಿ ಹಾಕಿಸಿದ್ದಾಳೆ. ಕಸ ತಾನೇ ಜಾರಿ ಹೋಗುತ್ತದೆ. ತನ್ನ ಜೊತೆ ಮಿಯಾಪುರಕ್ಕೆ ಬಾ ಎಂದು ತಾಯಿಯನ್ನು ಕರೆಯುವುದು ಬಿಟ್ಟಿಲ್ಲ. ಹೋದ ವಾರ ನನ್ನೆದುರೇ ಕರೆದಳು. ಗುಣವತಿ ಮೀನಿಗೆ ತೌಡು ಎರಚುತ್ತ, "ಆ ಅಪಾರ್ಟ್‌ಮೆಂಟಿನ್ಯಾಗ ಕುಂತ್ರ ಮಳಿ ಬಂದದ್ದ ಗೊತ್ತಾಗೂದಿಲ್ಲವ್ವಾ," ಎಂದು, ಕೈ ತೊಳೆದುಕೊಳ್ಳಲು ನೀರಿಗೆ ಬಗ್ಗಿದರು.