ಹೆಂಡತಿಯ ಕಣ್ಣಿನ ಎತ್ತರ

"ಟೇಪು ಎಳೆದರೆ ಹಿಗ್ಗುತ್ತೆ, ದಾರ ನೆನೆದರೆ ಕುಗ್ಗುತ್ತೆ. ನನ್ನ ಹೆಂಡತಿ ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ಇಪ್ಪತ್ತೈದು ವರ್ಷದಲ್ಲಿ ಈ ಗ್ಯಾಲರಿಯ ಒಂದೇ ಒಂದು ಚಿತ್ರ ಕೂದಲೆಳೆಯಷ್ಟು ಮೇಲೆ ಕೆಳಗೆ ಆಗಿದ್ರೆ ನನ್ನ ಕಿವಿ ಕತ್ತರಿಸಿ."

ಈ ಮಾತನ್ನು ಮೊಳೆಯಪ್ಪ ಗ್ಯಾಲರಿಗೆ ಬಂದ ಪ್ರತಿಯೊಬ್ಬ ಕಲಾವಿದನಿಗೂ ಹೇಳಿದ್ದ. ಚಿತ್ರ ಕೊಳ್ಳಲು ಬಂದವರಿಗೆ, ದಾರಿ ತಪ್ಪಿ ಒಳಗೆ ಬಂದವರಿಗೆ, ಕರೆಂಟಿನ ಮೀಟರು ನೋಡಲು ಬಂದವನಿಗೆ ಕೂಡ ಹೇಳಿದ್ದ. ತಾನು ಕಟ್ಟಿದ ದಾರದ ಮೇಲೆ ಇರುವೆ ಬಿಟ್ಟರೆ, ಮೊದಲ ಕೋಣೆಯಿಂದ ಮೂರನೆಯ ಕೋಣೆಯವರೆಗೆ ಅದಕ್ಕೆ ಏರು ಇಳಿವು ಒಂದೂ ಸಿಗದೆ ಬೇಜಾರಾಗಿ ನಡುದಾರಿಯಲ್ಲೇ ನಿದ್ದೆ ಹೋಗುತ್ತದೆ ಎನ್ನುತ್ತಿದ್ದ.

ಮೊಳೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನ ಕೆಲಸ ಗೋಡೆಗೆ ಚಿತ್ರ ತೂಗುಹಾಕುವುದು, ಬಾಯಲ್ಲಿ ಸದಾ ನಾಲ್ಕು ಮೊಳೆ. ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದ, ನಗುತ್ತಿದ್ದ, ಬೈಯುತ್ತಿದ್ದ. ಒಮ್ಮೆ ಸೀನಿದಾಗ ಒಂದು ಮೊಳೆ ಹಾರಿ ಗೋಡೆಗೆ ನಾಟಿಕೊಂಡಿತಂತೆ. ಅಳೆದು ನೋಡಿದರೆ ಸರಿಯಾದ ಜಾಗದಲ್ಲೇ ಇತ್ತಂತೆ. ನೋಡಿದವರು ಯಾರೂ ಇಲ್ಲ. ನಂಬದವರೂ ಯಾರೂ ಇರಲಿಲ್ಲ.

ಗ್ಯಾಲರಿ ಮೊದಲು ಬಟ್ಟೆಯ ಗೋದಾಮಾಗಿತ್ತು. ಒಂದರ ಹಿಂದೆ ಒಂದು ಮೂರು ಕೋಣೆ, ಎತ್ತರದ ಕಿಟಕಿ, ನಡೆದರೆ ಸದ್ದು ಮಾಡುವ ಹಲಗೆಯ ನೆಲ. ಒಂದು ಪ್ರದರ್ಶನ ಮುಗಿದ ಕೂಡಲೇ ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಮರಳು ಕಾಗದದಿಂದ ಉಜ್ಜಿ, ಗೋಡೆಗೆಲ್ಲ ಮತ್ತೆ ಬಿಳಿ ಬಣ್ಣ ಹೊಡೆಯಬೇಕು. ಹೀಗೆ ಹೊಡೆದು ಹೊಡೆದು ಕೋಣೆ ಒಳಗಿನಿಂದ ಎಷ್ಟು ಕಿರಿದಾಗಿತ್ತೆಂದರೆ, ಮೊದಲ ವರ್ಷ ಪಕ್ಕಪಕ್ಕ ನಿಂತು ಜಗಳವಾಡುತ್ತಿದ್ದ ಇಬ್ಬರು ದಪ್ಪ ವಿಮರ್ಶಕರು ಈಗ ಜಾಗ ಸಾಲದೆ ರಾಜಿಯಾಗಿದ್ದರು.

ಹೆಂಡತಿ ಈ ಕೆಲಸದೊಳಗೆ ಬಂದದ್ದು ಮೊಟ್ಟಮೊದಲ ಪ್ರದರ್ಶನದ ದಿನ. ಗ್ಯಾಲರಿಯ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಎಲ್ಲೋ ಓದಿಕೊಂಡು ಬಂದು, "ಚಿತ್ರದ ನಟ್ಟನಡು ಸರಾಸರಿ ಮನುಷ್ಯರ ಕಣ್ಣಿನ ಎತ್ತರಕ್ಕೆ ಬರಬೇಕು ಕಣಪ್ಪಾ" ಎಂದರು. ಸರಾಸರಿ ಮನುಷ್ಯ ಎಲ್ಲಿ ಸಿಗುತ್ತಾನೆ? ಮೇಡಂ ಕೊಕ್ಕರೆಯಷ್ಟು ಉದ್ದ. ಕಲಾವಿದ ಸ್ಟೂಲಿನಷ್ಟು ಗಿಡ್ಡ. ಅಷ್ಟರಲ್ಲಿ ಮೊಳೆಯಪ್ಪನ ಹೆಂಡತಿ ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು.

"ಬಾರೇ ಇಲ್ಲಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ನೋಡಿ ಮೇಡಂ, ಇವಳಿಗಿಂತ ಸರಾಸರಿ ಊರಲ್ಲೇ ಸಿಗಲ್ಲ."

ಅವಳು ನಿಂತಳು. ಅವನು ಅವಳ ಕಣ್ಣಿನ ಕೊನೆಗೆ ಸರಿಯಾಗಿ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ನೀರು ತುಂಬಿದ ಕೊಳವೆ ಹಿಡಿದು ಆ ಗೆರೆಯ ಮಟ್ಟವನ್ನೇ ಮೂರೂ ಕೋಣೆಗೆ ಸಾಗಿಸಿ ದಾರ ಕಟ್ಟಿದ. ಚಿತ್ರಗಳು ಏರಿದವು. ಜನ ಬಂದರು, ನೋಡಿದರು, ಕೊರಳು ನೋಯದೆ ಮನೆಗೆ ಹೋದರು. 'ಸರಾಸರಿ' ಅಂದದ್ದಕ್ಕೆ ಹೆಂಡತಿ ಮಾತ್ರ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ, "ರೀ, ಮುಂದಿನ ಸಲ ಸರಾಸರಿ ಗಂಡ ಬೇಕಾದ್ರೆ ನನ್ನ ಕೇಳಿ, ನಾನೂ ಒಬ್ಬರನ್ನ ತೋರಿಸ್ತೀನಿ" ಎಂದಳು.

ಅಂದಿನಿಂದ ಅದೇ ಪದ್ಧತಿಯಾಯಿತು. ಬಣ್ಣ ಹೊಡೆದರೆ ಹಳೆಯ ಗೆರೆ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಪ್ರದರ್ಶನಕ್ಕೂ ಅವಳು ಬರಬೇಕು, ಗೋಡೆಗೆ ಬೆನ್ನು ಕೊಡಬೇಕು, ಅವನು ಗೆರೆ ಎಳೆಯಬೇಕು. ಗೆರೆಯನ್ನು ಟೇಪಿನಿಂದ ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಗಿಯುತ್ತಿತ್ತು. ಅದು ಮೊಳೆಯಪ್ಪನಿಗೆ ಅವಮಾನ. ಅಳತೆಗೋಲು ಮನೆಯಲ್ಲೇ ಇರುವಾಗ ಚೀಟಿ ಏಕೆ? ಅವಳಿಗೂ ಒಳಗೊಳಗೇ ಹೆಮ್ಮೆ. ಆ ದಿನ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬರುತ್ತಿದ್ದಳು. ಬೂದು ಬಣ್ಣದ ಚೌಕ ಬಿಟ್ಟು ಬೇರೇನೂ ಬರೆಯದ ಕಲಾವಿದನಿಗೆ ಪರದೇಶದ ಬಹುಮಾನ ಬಂದಾಗ, "ಆ ಚೌಕ ಎಲ್ರಿಗೂ ಕಾಣೋ ಹಾಗೆ ಮಾಡಿದ್ದು ನನ್ನ ಕಣ್ಣು" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿ ಬಂದಳು. ನೂರ ಹನ್ನೆರಡು ಪ್ರದರ್ಶನಗಳು ಹೀಗೆ ನಡೆದವು.

ನಡುವೆ ಮನೆಯಲ್ಲಿ ಕೆಲವು ಸಣ್ಣ ಕೆಲಸ ಬಂದಿದ್ದವು. "ರೀ, ಅಡುಗೆಮನೆ ಹಲಗೆ ಎಟುಕ್ತಿಲ್ಲ, ಸ್ವಲ್ಪ ಇಳಿಸಿಕೊಡಿ" ಎಂದಳು. ಇಳಿಸಿದ. ಎರಡು ವರ್ಷ ಬಿಟ್ಟು ಮತ್ತೆ ಇಳಿಸಿದ. ಕನ್ನಡಿ ಇಳಿಸಿದ. ಬಟ್ಟೆ ಒಣಗಿಸುವ ತಂತಿ ಇಳಿಸಿದ.

"ಏನೇ ಇದು, ಮನೆ ಬೆಳೀತಿದೆಯಾ?"

"ಹೂಂ. ನೀವು ಕೊಡೋ ಗೊಬ್ಬರಕ್ಕೆ."

ಅವನು ನಕ್ಕ. ಪ್ರತಿ ಸಲವೂ ಹಲಗೆಯ ಮೇಲೆ ಗೋಲಿ ಇಟ್ಟು, ಅದು ಉರುಳದೆ ನಿಂತದ್ದನ್ನು ಅವಳಿಗೆ ತೋರಿಸಿ ಹೆಮ್ಮೆಪಟ್ಟ.

ಗ್ಯಾಲರಿಗೆ ಇಪ್ಪತ್ತೈದು ತುಂಬಿದ ವರ್ಷ ಮೇಡಂ ದೊಡ್ಡ ಪ್ರದರ್ಶನವೊಂದನ್ನು ನಡೆಸಲು ಹೊರಟರು. ಇಲ್ಲಿಂದ ಮೇಲೆ ಬಂದ ಕಲಾವಿದರೆಲ್ಲರ ಒಂದೊಂದು ಚಿತ್ರ, ಜೊತೆಗೆ ಅವರ ಬಹುಮಾನ, ಪತ್ರಿಕೆಯ ತುಣುಕು, ಹಳೆಯ ಪ್ರದರ್ಶನಗಳ ಫೋಟೋ. ಅದನ್ನೆಲ್ಲ ಆರಿಸಿ ಜೋಡಿಸಲೆಂದೇ ಹೊಸಬರೊಬ್ಬರು ಬಂದರು. ದಪ್ಪ ಕನ್ನಡಕ, ಸಣ್ಣ ದನಿ, ನಲವತ್ತರ ಆಚೀಚೆ ವಯಸ್ಸು. ಮೊಳೆಯಪ್ಪ ಅವರನ್ನು ಕ್ಯುರೇಟರಮ್ಮ ಎಂದು ಕರೆದ. ಅವರು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದರಿಂದ, ಟೇಪಿನ ಮಾತನ್ನು ಅವರಿಗೆ ಎರಡು ಸಲ ಹೇಳಿದ.

ಕ್ಯುರೇಟರಮ್ಮ ಮೊದಲ ಕೋಣೆಯ ಒಂದೇ ಮೂಲೆಯನ್ನು ತೋರಿಸುವ ಇಪ್ಪತ್ತೈದು ಫೋಟೋ ಆರಿಸಿದರು, ವರ್ಷಕ್ಕೊಂದರಂತೆ. ಎಲ್ಲವನ್ನೂ ಒಂದೇ ಅಳತೆಗೆ ಮುದ್ರಿಸಿ, ನೆಲದ ಗೆರೆ ಒಂದೇ ಸಾಲಿಗೆ ಬರುವಂತೆ ಉದ್ದ ಮೇಜಿನ ಮೇಲೆ ಜೋಡಿಸಿದರು. ಆಮೇಲೆ ಅಳತೆಪಟ್ಟಿ ಹಿಡಿದು ಒಂದೊಂದನ್ನೂ ಅಳೆದರು.

"ಮೊಳೆಯಪ್ಪನವರೇ, ಸ್ವಲ್ಪ ಬನ್ನಿ. ನಿಮ್ಮ ಚಿತ್ರಗಳು ಇಳೀತಾ ಬಂದಿವೆ."

"ಯಾವ ಚಿತ್ರ? ನನ್ನವಾ?"

"ಎಲ್ಲ. ಮೊದಲನೇ ಪ್ರದರ್ಶನ ನೋಡಿ, ನಡು ಐವತ್ತೇಳು ಇಂಚಿಗಿದೆ. ದೊಡ್ಡ ದೊಡ್ಡ ಮ್ಯೂಸಿಯಂನವರು ಹಿಡಿಯೋ ಅಳತೆನೇ ಅದು, ಒಂದು ನೂಲು ತಪ್ಪಿಲ್ಲ. ಹತ್ತು ವರ್ಷ ಹಾಗೇ ಇದೆ. ಇಲ್ಲಿಂದ ನೋಡಿ, ಐವತ್ತಾರೂವರೆ. ಐವತ್ತೈದು. ಹೋದ ತಿಂಗಳಿನದು ಐವತ್ತೆರಡೂವರೆ."

ಮೊಳೆಯಪ್ಪ ಬಗ್ಗಿ ನೋಡಿದ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ನೆಟ್ಟಗಿತ್ತು, ಇರುವೆ ನಿದ್ದೆ ಹೋಗುವಷ್ಟು ನೆಟ್ಟಗೆ. ಸಾಲಾಗಿ ನೋಡಿದರೆ ಚಿತ್ರಗಳೆಲ್ಲ ಒಟ್ಟಾಗಿ ಮೆಟ್ಟಿಲಿಳಿದು ನೆಲಮಾಳಿಗೆಗೆ ಹೊರಟಂತಿತ್ತು.

"ಒಬ್ಬ ವಿಮರ್ಶಕರು ಇದನ್ನ ಹೊಗಳಿ ಬರೆದಿದ್ದಾರೆ" ಎಂದು ಕ್ಯುರೇಟರಮ್ಮ ಒಂದು ತುಣುಕು ತೆಗೆದರು. "'ಈ ಗ್ಯಾಲರಿಯಲ್ಲಿ ಕಲೆ ವರ್ಷದಿಂದ ವರ್ಷಕ್ಕೆ ವಿನಯ ಕಲಿಯುತ್ತಿದೆ' ಅಂತ. ನೀವು ಬೇಕಂತಲೇ ಇಳಿಸ್ತಿದ್ರಾ?"

ಮೊಳೆಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗೋಡೆ ತಪ್ಪಿಲ್ಲ. ನೀರಿನ ಮಟ್ಟ ತಪ್ಪಲು ಸಾಧ್ಯವಿಲ್ಲ. ದಾರ ತಪ್ಪಿಲ್ಲ. ಹಾಗಾದರೆ ಉಳಿದದ್ದು ಒಂದೇ. ಒಂದೊಂದಾಗಿ ಮೊಳೆಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟು, ಹೇಳದೆ ಕೇಳದೆ ಮನೆಗೆ ನಡೆದ.

ಸಂಜೆಯ ಬೆಳಕಿನ್ನೂ ಇತ್ತು. ಅವಳು ಬಾಗಿಲ ಬಳಿ ಕೂತು ಬಟ್ಟೆಯ ಅಂಚನ್ನು ಮೇಲಕ್ಕೆ ಮಡಚಿ ಹೊಲಿಯುತ್ತಿದ್ದಳು. ನೆಲಕ್ಕೆ ಎಳೆಯುತ್ತದೆಂದು ಎರಡು ವರ್ಷದಿಂದ ಎಲ್ಲ ಬಟ್ಟೆಯನ್ನೂ ಹೀಗೆ ಮಡಚುತ್ತಿದ್ದಳು. ಅದನ್ನೂ ಅವನು ನೋಡಿದ್ದ. ನೋಡಿ, ಹೊಲಿಗೆ ನೆಟ್ಟಗಿದೆ ಎಂದಿದ್ದ.

"ಏಳೇ, ಗೋಡೆಗೆ ನಿಲ್ಲು."

"ಮನೇಲೂ ಪ್ರದರ್ಶನವಾ? ಏನ್ ತೂಗ್ತೀರಿ, ನಿಮ್ಮ ಬನಿಯನ್ನಾ?"

"ನಿಲ್ಲು ಅಂದೆ."

ನಿಂತಳು. ಅವನು ಗೆರೆ ಎಳೆದು, ಪಕ್ಕದ ಮನೆಯಿಂದ ಟೇಪು ತಂದ. ಜೀವಮಾನದಲ್ಲಿ ಮೊದಲ ಬಾರಿಗೆ ಅದನ್ನು ಹೆಂಡತಿಯ ಪಕ್ಕದಲ್ಲಿ ಹಿಡಿದ. ಐವತ್ತು ಇಂಚು. ಮತ್ತೆ ಹಿಡಿದ. ಐವತ್ತೇ.

"ಹೋದ ತಿಂಗಳು ಗ್ಯಾಲರೀಲಿ ಐವತ್ತೆರಡೂವರೆ ಇತ್ತು. ಒಂದೇ ತಿಂಗಳಲ್ಲಿ ಎರಡೂವರೆ ಇಂಚು ಎಲ್ಲಿ ಹೋಯ್ತು?"

ಅವಳು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿದಳು. "ಅಲ್ಲಿ ಹಿಮ್ಮಡಿ ಎತ್ಕೊಂಡು ನಿಲ್ತಿದ್ದೆ ರೀ. ಆರು ವರ್ಷ ಆಯ್ತು. ನೀವು ಕಣ್ಣು ನೋಡ್ತಿದ್ರಿ, ಕಾಲು ನೋಡ್ತಿರಲಿಲ್ಲ."

"ಯಾಕೆ?"

"ಊರೆಲ್ಲ ಡಂಗುರ ಹೊಡೀತಿದ್ರಲ್ಲ, ಕುಗ್ಗಲ್ಲ ಕುಗ್ಗಲ್ಲ ಅಂತ. ಬೆನ್ನು ನೋಯ್ತಿದೆ ಅಂದ್ರೆ ನಿಮ್ಮ ಕಿವಿ ಕತ್ತರಿಸ್ಕೋಬೇಕಾಗಿತ್ತು."

ಅವನಿಗೆ ನಗಲು ಆಗಲಿಲ್ಲ. ಅವಳೇ ನಕ್ಕಳು, ಪಕ್ಕೆ ಹಿಡಿದುಕೊಂಡು. ನಕ್ಕರೂ ನೋಯುತ್ತಿತ್ತು ಎಂಬುದು ಅವನಿಗೆ ಅಂದು ತಿಳಿಯಿತು.

ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ತೂಗುಹಾಕಿದರು. ಮೊಳೆಯಪ್ಪನ ಕಣ್ಣು ಅಭ್ಯಾಸಬಲದಿಂದ ಮೊದಲು ಅದು ಸೊಟ್ಟಗಿದೆಯೇ ಎಂದು ನೋಡಿತು. ಆಮೇಲೆ ಒಳಗಿನದನ್ನು ಕಂಡಿತು. ಬೆನ್ನಿನ ಮೂಳೆಗಳು ಒಳಗೇ ಟೊಳ್ಳಾಗಿ, ಹಳೆಯ ಇಟ್ಟಿಗೆಗಳಂತೆ ಒಂದರ ಮೇಲೊಂದು ಕುಸಿದು ಕೂತಿದ್ದವು.

"ಇದು ಒಂದು ದಿನದಲ್ಲಿ ಆಗಿದ್ದಲ್ಲ" ಎಂದರು ಡಾಕ್ಟರು. "ಹದಿನೈದು ವರ್ಷದ ಕೆಲಸ. ಶುರುವಿನಲ್ಲೇ ಬಂದಿದ್ರೆ ತಡೀಬಹುದಾಗಿತ್ತು. ಕುಸಿದದ್ದನ್ನ ಇನ್ನು ಎತ್ತೋಕಾಗಲ್ಲ. ಇನ್ನೂ ಬಾಗ್ತಾ ಹೋಗುತ್ತೆ. ಉಸಿರಾಟಕ್ಕೂ ತೊಂದರೆ ಆಗಬಹುದು." ಆಮೇಲೆ ಕೇಳಿದರು, "ಇಷ್ಟು ವರ್ಷ ಇವರು ಕುಗ್ತಿರೋದನ್ನ ಯಾರೂ ಗಮನಿಸಲೇ ಇಲ್ವಾ?"

ನೂರ ಹನ್ನೆರಡು ಸಲ ಪೆನ್ಸಿಲು ಹಿಡಿದು ಅವಳ ಕಣ್ಣಿನ ಪಕ್ಕದಲ್ಲಿ ನಿಂತವನು ನೆಲ ನೋಡುತ್ತ ಕೂತ. ಅವಳೇ ಬಾಯಿ ಹಾಕಿದಳು. "ಗಮನಿಸಿದ್ರು ಡಾಕ್ಟ್ರೇ. ಪ್ರತೀ ಸಲ ಗೋಡೆ ಮೇಲೆ ಗುರುತು ಹಾಕಿ, ಮೇಲೆ ಬಿಳಿ ಬಣ್ಣ ಹೊಡೆದರು."

ಇಪ್ಪತ್ತೈದರ ಪ್ರದರ್ಶನಕ್ಕೆ ಕ್ಯುರೇಟರಮ್ಮ ಕೆಂಪು ಬೆಳಕಿನ ಗೆರೆ ಬಿಡುವ ಯಂತ್ರ ತಂದರು. ಐವತ್ತೇಳು ಇಂಚಿಗೆ ಕಟ್ಟಿಟ್ಟ ಗೆರೆ. "ನೀನೂ ನೋವಲ್ಲಿದ್ದೀಯ, ಇಷ್ಟೊಂದು ಜನ ಬರ್ತಾರೆ, ಇದೊಂದು ಸಲ ಹೀಗೇ ಮಾಡೋಣ" ಎಂದು ಮೇಡಂ ಮೆತ್ತಗೆ ಹೇಳಿದರು. ಮೊಳೆಯಪ್ಪ ವಾದಿಸಲಿಲ್ಲ. ಯಾವ ಬಾಯಿಂದ ವಾದಿಸುವುದು? ಕೆಂಪು ಗೆರೆ ತೋರಿಸಿದ ಕಡೆ ಮೊಳೆ ಹೊಡೆಯುತ್ತ ಹೋದ. ನಲವತ್ತು ಚಿತ್ರಗಳು ಹಳೆಯ ಎತ್ತರಕ್ಕೆ ಏರಿದವು. ನೂರ ಹದಿಮೂರನೆಯ ಪ್ರದರ್ಶನಕ್ಕೆ ಹೆಂಡತಿಯನ್ನು ಯಾರೂ ಗೋಡೆಗೆ ಕರೆಯಲಿಲ್ಲ. ಆ ಬೆಳಿಗ್ಗೆ ಅವಳು ಬಟ್ಟೆಗೆ ಇಸ್ತ್ರಿ ಮಾಡಿ, ತಲೆ ಬಾಚಿ ಕೂತಿದ್ದಳೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು.

ಉದ್ಘಾಟನೆಗೆ ಅವಳನ್ನು ಅವನೇ ಕರೆತಂದ. ಜನ ತುಂಬಿತ್ತು. ಬೂದು ಚೌಕದ ಕಲಾವಿದ ತನ್ನ ಪದಕವನ್ನು ಕೋಟಿಗೆ ಸಿಕ್ಕಿಸಿಕೊಂಡು ಬಂದಿದ್ದ. ಅವಳು ಗಂಡನ ತೋಳು ಹಿಡಿದು ಒಂದೊಂದೇ ಚಿತ್ರದ ಮುಂದೆ ನಿಂತಳು. ಕೊರಳು ಮೇಲೇಳುತ್ತಿರಲಿಲ್ಲ. ಸೊಂಟ ತಿರುಗಿಸಿ, ಒಂದು ಕಣ್ಣು ಮೇಲೆ ಮಾಡಿ ನೋಡಲು ಹೆಣಗಿದಳು. ಮೂರನೆಯ ಚಿತ್ರಕ್ಕೆ ಸಾಕಾಯಿತು.

"ಏನೇ ಕಾಣ್ತಿದೆ?"

"ಚೌಕಟ್ಟಿನ ಕೆಳಗಿನ ಪಟ್ಟಿ. ಚೆನ್ನಾಗಿದೆ ರೀ. ಧೂಳು ಒರೆಸಿಲ್ಲ."

ಅವನು ಅವಳನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಅಲ್ಲಿಂದ ಅವಳಿಗೆ ಜನರ ಚಪ್ಪಲಿ, ಬೂಟು, ಹಲಗೆಯ ನೆಲ ಕಾಣುತ್ತಿದ್ದವು. ಅವುಗಳನ್ನೇ ನೋಡುತ್ತ ಕೂತಳು. ಉಸಿರು ಚಿಕ್ಕಚಿಕ್ಕದಾಗಿ ಬರುತ್ತಿತ್ತು.

ಮೇಡಂ ಭಾಷಣ ಮಾಡಿದರು. ಕಲಾವಿದರ ಬಹುಮಾನಗಳನ್ನು ಒಂದೊಂದಾಗಿ ಓದಿದರು, ಪ್ರತಿಯೊಂದಕ್ಕೂ ಚಪ್ಪಾಳೆ ಬಿತ್ತು. ಕೊನೆಯಲ್ಲಿ, ನಮ್ಮ ಚಿತ್ರಗಳು ಯಾರಿಗೂ ತಿಳಿಯದಂತೆ ಕೆಳಗಿಳಿಯುತ್ತಿದ್ದವು, ಈಗ ಮತ್ತೆ ಮೇಲೆ ಬಂದಿವೆ, ಇದು ಗ್ಯಾಲರಿಗೆ ಶುಭಸೂಚನೆ ಎಂದರು. ಜನ ನಕ್ಕು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಆಮೇಲೆ ಅವರೇ ಜನರ ನಡುವಿನಿಂದ ದಾರಿ ಮಾಡಿಕೊಂಡು ಕುರ್ಚಿಯ ಹತ್ತಿರ ಬಂದು, ಮೊಳೆಯಪ್ಪನ ಹೆಗಲ ಮೇಲೆ ಕೈಯಿಟ್ಟರು. ಕೆಟ್ಟ ಮನಸ್ಸಿನವರಲ್ಲ, ಏನಾದರೂ ಒಳ್ಳೆಯ ಮಾತು ಆಡಬೇಕೆಂದೇ ಬಂದಿದ್ದರು.

"ಯಾಕಪ್ಪಾ ಮುಖ ಹೀಗೆ ಮಾಡ್ಕೊಂಡಿದ್ದೀಯ? ಆಗಿದ್ದು ಆಗಿಹೋಯ್ತು, ನಿನ್ನ ಮೇಲೆ ಯಾರಿಗೂ ಬೇಜಾರಿಲ್ಲ. ಎಲ್ಲಾನೂ ಮೇಲೆತ್ತಿ ಸರಿಮಾಡಿದ್ದೀವಲ್ಲ, ಇನ್ನೇನು?"

ಮೊಳೆಯಪ್ಪ ಗೋಡೆ ನೋಡಿದ. ಆಮೇಲೆ ಕುರ್ಚಿ ನೋಡಿದ.

"ಚಿತ್ರ ಮೇಲೆ ಹೋದವು ಮೇಡಂ. ಇವಳನ್ನ ಎತ್ತಿ ಯಾವ ಮೊಳೆಗೆ ಹಾಕಲಿ, ಅದನ್ನೂ ನೀವೇ ತೋರಿಸಿಬಿಡಿ."