ಅರಿಷಿಣ ತೊಳೆದ ಮೇಲೆ

ಬಾಗಲಕೋಟೆಯ ದವಾಖಾನೆಯ ಬೆಂಚಿನ ಮೇಲೆ ಕೂತು ನನ್ನ ರಕ್ತದ ವರದಿ ಓದುತ್ತಿದ್ದೇನೆ. ಸಕ್ಕರೆಯ ಕೆಳಗೆ ಸಿ.ಆರ್.ಪಿ. ಎಂಬ ಮೂರಕ್ಷರ, ಒಳಗೆಲ್ಲೋ ಬಾವು ಇದೆಯೆಂದು ಚಾಡಿ ಹೇಳುವಂಥದ್ದು; ಅದರ ಅಂಕಿ ಏರಿದೆ. ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಇ.ಎಸ್.ಆರ್. ಇತ್ತು. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ನಿಲ್ಲಿಸಿ, ಒಂದು ತಾಸು ಕಾದು, ಕೆಂಪು ಎಷ್ಟು ಕೆಳಗಿಳಿಯಿತೆಂದು ಅಳೆಯುವುದು. ಎಂಬತ್ತರ ದಶಕದಲ್ಲಿ ಇಳಕಲ್ಲಿನ ಒಬ್ಬ ಡಾಕ್ಟರ ಬಳಿ ಅದೇ ನನ್ನ ಉದ್ಯೋಗ. ಬಿಳಿ ಕೋಟು ಹಾಕಿದ ಮೇಲೆ ಕೇಳಬೇಕೆ, ಓಣಿಗೆಲ್ಲ ನಾನೇ ಅರ್ಧ ಡಾಕ್ಟರು!

ಅಪ್ಪನ ಅಕ್ಕ ಗೌರತ್ತೆಗೆ ನಲವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂತು. ಸೀರೆ ನೇಯುವವಳು, ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಹಲಗೆ ತುಳಿಯಬೇಕು. ಒಂದು ಶುಕ್ರವಾರ ಸಕ್ಕರೆ ನೋಡಿಸಲು ಬಂದಾಗ ಅವಳ ಇ.ಎಸ್.ಆರ್. ತೊಂಬತ್ತು ಬಂತು. ಜ್ವರವಿಲ್ಲ, ಕೆಮ್ಮಿಲ್ಲ. ಹೆಂಗಸರಿಗೆ ತುಸು ಹೆಚ್ಚೇ, ಇಪ್ಪತ್ತರತನಕ ಇರುತ್ತದೆ, ಆದರೂ ತೊಂಬತ್ತೇ? ಕೊಳವೆಯನ್ನು ಓರೆಯಾಗಿ ನಿಲ್ಲಿಸಿರಬೇಕು, ಓರೆಯಾದರೆ ಕೆಂಪು ಬೇಗ ಇಳಿಯುತ್ತದೆ ಎಂದುಕೊಂಡೆ. ಡಾಕ್ಟರಿಗೆ ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು? ವರದಿ ಬರೆಯದೆ, "ಮುಂದಿನ ವಾರ ಬಾ ಅತ್ತಿ, ಮತ್ತೊಮ್ಮೆ ನೋಡೂಣು" ಎಂದು ಕಳಿಸಿಬಿಟ್ಟೆ.

ಮುಂದಿನ ಶುಕ್ರವಾರ ನೂರಾಹತ್ತು. ಈ ಸಲ ಕೊಳವೆ ನೆಟ್ಟಗೇ ಇತ್ತು.

"ಅತ್ತಿ, ಎಲ್ಲೆರೆ ಗಾಯ ಆಗೇತೇನು?"

"ನೋವಾ ಇಲ್ಲ, ಗಾಯ ಎಲ್ಲಿಂದ ಬರ್ತೈತಿ?"

"ಕಾಲ ತೋರ್ಸು."

"ನಿನ್ನ ಮುಂದನ ಅದಾವಲ್ಲ!"

ಇದ್ದವು. ಮುತ್ತೈದೆಯ ಶುಕ್ರವಾರದ ಕಾಲು. ಹಿಮ್ಮಡಿಯಿಂದ ಬೆರಳತನಕ ದಪ್ಪಗೆ ಅರಿಷಿಣ. ನೋಡಿದವರಿಗೆ ಕೈಮುಗಿಯಬೇಕು ಅನಿಸುತ್ತದೆಯೇ ಹೊರತು ತೊಳೆದು ನೋಡಬೇಕು ಅನಿಸುವುದಿಲ್ಲ. ನಾನು ನೀರಿನ ತಂಬಿಗೆ ತಂದಾಗ, "ಅರಿಷಿಣ ತೊಳೀತಿಯೇನ, ಹುಚ್ಚಿ!" ಎಂದು ಬೈದಳು. ಬೈಸಿಕೊಳ್ಳುತ್ತಲೇ ತೊಳೆದೆ. ಕಿರುಬೆರಳ ಸಂದಿಯಲ್ಲಿ ಹಲಗೆಯ ಚೂರೊಂದು ಮುರಿದು ಕೂತಿತ್ತು, ಸುತ್ತ ಕಪ್ಪಾಗಿತ್ತು. ಸಕ್ಕರೆ ಅವಳ ಕಾಲಿಗೆ ಜೋಮು ಹಿಡಿಸಿತ್ತು. ಪಾಪ, ಅವಳಿಗೆ ಏನೂ ತಿಳಿದಿರಲಿಲ್ಲ.

ಡಾಕ್ಟರು ಕಾಲು ಉಳಿಸಿದರು, ಕಿರುಬೆರಳು ತೆಗೆದರು. "ಒಂದ ವಾರ ಮೊದಲ ಬಂದಿದ್ರ ಬೆರಳೂ ಉಳೀತಿತ್ತು" ಎಂದರು.

ಬಂದಿದ್ದಳು. ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಕಣ್ಣೀರು ಹಾಕಿದೆ. ಅವಳು, "ಹಲಗಿ ತುಳಿಯಾಕ ಕಾಲ ಐತಲ್ಲ. ಅಳೂದು ಬಿಡು. ಇನ್ನಮ್ಯಾಲೆ ಎಲ್ಲಾರ ಕಾಲೂ ತೊಳದು ನೋಡು" ಎಂದಳು. ನೋಡಿದೆ, ಇಪ್ಪತ್ತು ವರ್ಷ. ಎಷ್ಟು ಬೈಗಳು ತಿಂದೆನೋ, ಲೆಕ್ಕವಿಲ್ಲ.

ಈಗ ಒಳಗೆ ಕರೆದರು. ಹೊಸ ಡಾಕ್ಟರು ವರದಿ ನೋಡಿ, "ಈ ವಯಸ್ಸಿಗೆ ಇಷ್ಟು ಇರೂದರಿ ಅಮ್ಮಾರ" ಎಂದರು.

"ಇರಲ್ರಿ. ಆದರ ಯಾಕ ಐತಿ ಅಂತ ನೋಡ್ರಿ" ಎಂದೆ. ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಅವರ ಮುಂದೆ ಚಾಚಿ ಕೂತೆ.